ಲೇಸು ಬರಿಯ ಟೈಂಪಾಸ್ ಅಲ್ಲ



ಈ ಸಲ ಹಳೆಯ ನೆನಪುಗಳನ್ನು ಹೇಳಲು ಕುಳಿತಿಲ್ಲ, ಜಗಳವಾಡಲು ಕುಳಿತಿದ್ದೇನೆ. ಜಗಳ ಯಾವ ವ್ಯಕ್ತಿಯ ಮೇಲೂ ಅಲ್ಲ, ಒಂದು ಪದದ ಮೇಲೆ. ನಿವೃತ್ತಿಯ ನಂತರ ನಾನು ದಾರ, ಕಡ್ಡಿ ಹಿಡಿದು ಕುಳಿತಿರುವುದನ್ನು ಕಂಡವರೆಲ್ಲ ಆಡುವ ಮಾತು ಒಂದೇ: "ಟೈಂಪಾಸಿಗೆ ಒಳ್ಳೆಯದಾಯಿತು ಬಿಡಿ ಮೇಡಂ." ಇನ್ನೂ ಸ್ವಲ್ಪ ಗೌರವದಿಂದ ಮಾತನಾಡುವವರು "ಒಳ್ಳೆಯ ಹವ್ಯಾಸ" ಎನ್ನುತ್ತಾರೆ. ಹೇಳುವವರ ಮನಸ್ಸಿನಲ್ಲಿ ಕೆಡುಕಿಲ್ಲವೆಂಬುದನ್ನು ಬಲ್ಲೆ. ಆದರೆ ಕೈಯಿಂದ ಹೆಣೆಯುವ ಕೆಲಸವನ್ನು ಬಿಡುವಿನ ವೇಳೆಯ ವಿನೋದವೆಂದು ಕರೆದ ಕೂಡಲೇ ಅದಕ್ಕೆ ಕೊಡಬೇಕಾದ ಕೂಲಿ ಅರ್ಧಕ್ಕಿಳಿಯುತ್ತದೆ. ಈ ಬರಹ ಆ ಅನ್ಯಾಯವನ್ನು ಕುರಿತದ್ದು.

ಕನ್ನಡದಲ್ಲಿ 'ಲೇಸು' ಎಂದರೆ ಒಳ್ಳೆಯದು, ಶುಭ. ನಾವು ಅಂಗಡಿಯಲ್ಲಿ ಕೇಳುವ ಲೇಸು ಇಂಗ್ಲಿಷಿನಿಂದ ಬಂದದ್ದು. ಅದರ ಮೂಲ ಲ್ಯಾಟಿನ್ ಭಾಷೆಯಲ್ಲಿ ಕುಣಿಕೆ ಎಂಬ ಅರ್ಥದ ಪದ. ಒಂದು ಭಾಷೆಯಲ್ಲಿ ಒಳಿತು, ಇನ್ನೊಂದರಲ್ಲಿ ಕುಣಿಕೆ. ಹೆಣೆಯುವ ಹೆಂಗಸಿಗೆ ಇದು ಯಾವುದಾಗಬೇಕೆಂಬುದು ನಮ್ಮ ಕೈಯಲ್ಲಿದೆ.

ಮೊದಲು ಲೇಸು ಎಂದರೇನೆಂದು ಹೇಳಿಬಿಡುತ್ತೇನೆ. ಬಟ್ಟೆಯ ಮೇಲೆ ಮಾಡುವುದು ಕಸೂತಿ. ಬಟ್ಟೆಯೇ ಇಲ್ಲದೆ ಬರಿಯ ದಾರದಿಂದ, ತೂತುಗಳನ್ನೇ ಚಿತ್ತಾರವಾಗಿಸಿ ಕಟ್ಟುವುದು ಲೇಸು. ನಮ್ಮ ಮನೆಗಳಲ್ಲಿ ರೇಡಿಯೋ ಮೇಲೆ, ಆಮೇಲೆ ಟಿ.ವಿ. ಮೇಲೆ ಹೊದಿಸುತ್ತಿದ್ದ ಬಿಳಿಯ ಜಾಲರಿ ಬಟ್ಟೆ, ಮಗುವಿನ ಕುಲಾವಿ, ಬಾಗಿಲಿನ ತೋರಣ, ಮಣಿ ಕಟ್ಟಿದ ಹಾಲಿನ ಮುಚ್ಚಳ, ಇವೆಲ್ಲ ಕ್ರೋಶಾ ಲೇಸು. ತುದಿಯಲ್ಲಿ ಕೊಕ್ಕೆಯಿರುವ ಒಂದೇ ಕಡ್ಡಿ, ಒಂದೇ ದಾರ ಸಾಕು. ಇದನ್ನು ನಾನು ನನ್ನ ತಾಯಿಯಿಂದ ಕಲಿತೆ. ಉಳಿದವನ್ನು ಕಲಿಯಲು ನಿವೃತ್ತಿಯವರೆಗೆ ಕಾಯಬೇಕಾಯಿತು.

ಟ್ಯಾಟಿಂಗ್ ಎಂಬುದಕ್ಕೆ ದೋಣಿಯಾಕಾರದ ಪುಟ್ಟ ಲಾಳಿ ಬೇಕು. ಬೆರಳಿಗೆ ಸುತ್ತಿದ ದಾರದ ಮೇಲೆ ಗಂಟುಗಳನ್ನು ಪೋಣಿಸುತ್ತ ಹೋದರೆ ಉಂಗುರಗಳೂ ಕಮಾನುಗಳೂ ಮೂಡುತ್ತವೆ. ಉಂಗುರವನ್ನು ಎಳೆದು ಮುಚ್ಚಿದ ಮೇಲೆ ಬಿಚ್ಚುವುದು ಬಹಳ ಕಷ್ಟ; ಆದ್ದರಿಂದ ಅವಸರದವರಿಗೆ ಇದು ಹೇಳಿದ್ದಲ್ಲ. ಸೂಜಿ ಲೇಸನ್ನು ಹದಿನಾರನೆಯ ಶತಮಾನದಲ್ಲಿ ವೆನಿಸ್ಸಿನವರು 'ಗಾಳಿಯಲ್ಲಿನ ಹೊಲಿಗೆ' ಎಂದು ಕರೆದರು. ನಕ್ಷೆಯ ಮೇಲೆ ದಾರದ ಗೆರೆಗಳನ್ನು ತಾತ್ಕಾಲಿಕವಾಗಿ ಹೊಲಿದು, ಆ ದಾರಗಳನ್ನು ಹಿಡಿದು ಸೂಜಿಯಿಂದ ಒಳಗನ್ನೆಲ್ಲ ತುಂಬಿ, ಕೊನೆಗೆ ಕೆಳಗಿನ ಆಧಾರವನ್ನು ಕತ್ತರಿಸಿ ತೆಗೆದರೆ ಲೇಸು ಮಾತ್ರ ಕೈಗೆ ಬರುತ್ತದೆ. ಬಾಬಿನ್ ಲೇಸಿಗೆ ಗಟ್ಟಿಯಾದ ದಿಂಬು, ಗುಂಡುಸೂಜಿಗಳು, ಜೋಡಿ ಜೋಡಿಯಾಗಿ ಇಳಿಬಿಟ್ಟ ಮರದ ಕಡ್ಡಿಗಳು ಬೇಕು. ಭತ್ತದ ಹೊಟ್ಟು ತುಂಬಿ ದಿಂಬನ್ನು ನಾನೇ ಹೊಲಿದೆ. ಕಡ್ಡಿಗಳನ್ನು ನಮ್ಮ ಬಡಾವಣೆಯ ಬಡಗಿಯೊಬ್ಬರು ಕಡೆದು ಕೊಟ್ಟರು. ಅಡ್ಡ ಹಾಯಿಸುವುದು, ತಿರುವುವುದು, ಇವೆರಡೇ ಚಲನೆಗಳಿಂದ ಅದರ ಸಕಲ ವಿನ್ಯಾಸಗಳೂ ಹುಟ್ಟುತ್ತವೆ.

ಈ ಕೆಲಸಕ್ಕೆ ಎಷ್ಟು ಹೊತ್ತು ಬೇಕು ಗೊತ್ತೆ? ಫ್ರಾನ್ಸಿನ ಅಲೆನ್ಸಾನ್ ಊರಿನ ಸೂಜಿ ಲೇಸು 2010ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಅದರ ಒಂದು ಚದರ ಸೆಂಟಿಮೀಟರಿಗೆ ಏಳು ಗಂಟೆಯ ದುಡಿಮೆ ಬೇಕೆಂದೂ ಪೂರ್ತಿ ಕಲಿಯಲು ಏಳರಿಂದ ಹತ್ತು ವರ್ಷ ಹಿಡಿಯುತ್ತದೆಂದೂ ಆ ದಾಖಲೆಯೇ ಹೇಳುತ್ತದೆ. ಒಂದು ಅಂಗುಲದ ಚೌಕವೆಂದರೆ ಸುಮಾರು ಆರೂವರೆ ಚದರ ಸೆಂಟಿಮೀಟರು. ಗುಣಿಸಿ ನೋಡಿ: ನಲವತ್ತೈದು ಗಂಟೆ, ಕಚೇರಿ ನೌಕರನೊಬ್ಬನ ಒಂದು ವಾರದ ದುಡಿಮೆ. ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಯ ಮಂತ್ರಿ ಕೋಲ್ಬೆರ್, ವೆನಿಸ್ಸಿಗೆ ಹರಿದುಹೋಗುತ್ತಿದ್ದ ಹಣವನ್ನು ತಡೆಯಲೆಂದೇ 1665ರಲ್ಲಿ ಈ ಕೈಗಾರಿಕೆಗೆ ರಾಜಾಶ್ರಯ ಕೊಟ್ಟ. ಅರ್ಥಮಂತ್ರಿಯೊಬ್ಬ ಟೈಂಪಾಸಿನ ಕೆಲಸಕ್ಕಾಗಿ ಅಷ್ಟು ತಲೆಕೆಡಿಸಿಕೊಳ್ಳುತ್ತಾನೆಯೇ?

ಯಂತ್ರ ಬಂದ ಕಥೆಯೂ ಹಾಗೆಯೇ. ಇಂಗ್ಲೆಂಡಿನ ಜಾನ್ ಹೀತ್‌ಕೋಟ್ 1809ರಲ್ಲಿ ಲೇಸಿನ ಜಾಲರಿ ನೇಯುವ ಯಂತ್ರಕ್ಕೆ ಪೇಟೆಂಟ್ ಪಡೆದ. 1816ರಲ್ಲಿ ಲಫ್‌ಬರೋದಲ್ಲಿದ್ದ ಅವನ ಕಾರ್ಖಾನೆಗೆ ನುಗ್ಗಿ ಯಂತ್ರಗಳನ್ನು ಒಡೆದುಹಾಕಿದರು. ಅನ್ನದ ಪ್ರಶ್ನೆಯಾಗಿರದಿದ್ದರೆ ಸುತ್ತಿಗೆ ಹಿಡಿದು ಬರುವವರು ಯಾರು? ಐರ್ಲೆಂಡಿನಲ್ಲಿ 1845ರಿಂದ ಆಲೂಗೆಡ್ಡೆ ಬೆಳೆ ಕೊಳೆತು ಮಹಾಕ್ಷಾಮ ಬಂದಾಗ ಅಲ್ಲಿನ ಕ್ರೈಸ್ತ ಸನ್ಯಾಸಿನಿಯರು ಬಡ ಹೆಣ್ಣುಮಕ್ಕಳಿಗೆ ಕಲಿಸಿದ್ದು ಇದೇ ಕ್ರೋಶಾ ಲೇಸನ್ನು. ಎಷ್ಟೋ ಸಂಸಾರಗಳು ಆ ಕೊಕ್ಕೆ ಕಡ್ಡಿಯ ಸಂಪಾದನೆಯಿಂದ ಉಸಿರು ಹಿಡಿದವು.

ನಮ್ಮ ದೇಶಕ್ಕೆ ಈ ಬಗೆಯ ಲೇಸು ಬಂದದ್ದು ಮಿಷನರಿಗಳ ಹೆಂಡಿರ ಮೂಲಕ. 1820ರ ದಶಕದಲ್ಲಿ ಮಾರ್ಥಾ ಮಾಲ್ಟ್ ಎಂಬಾಕೆ ನಾಗರಕೋಯಿಲಿನಲ್ಲಿ ಹೆಣ್ಣುಮಕ್ಕಳಿಗೆ ಬಾಬಿನ್ ಲೇಸು ಕಲಿಸಿದರು. ಆಮೇಲೆ ಆಂಧ್ರದ ಗೋದಾವರಿ ಸೀಮೆಯ ನರಸಾಪುರದ ಸುತ್ತಲಿನ ಹಳ್ಳಿಗಳಲ್ಲಿ ಕ್ರೋಶಾ ಲೇಸು ದೊಡ್ಡ ರಫ್ತು ಉದ್ಯಮವಾಗಿ ಬೆಳೆಯಿತು. ಅಲ್ಲಿನ ಹೆಂಗಸರನ್ನು ಕುರಿತು ಮಾರಿಯಾ ಮೀಸ್ ಎಂಬ ಜರ್ಮನ್ ಸಮಾಜಶಾಸ್ತ್ರಜ್ಞೆ 1982ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅದರ ಸಾರವಿಷ್ಟು: ಆ ಹೆಂಗಸರು ಅಡಿಗೆ, ನೀರು, ಮಕ್ಕಳು ಎಲ್ಲವನ್ನೂ ನೋಡಿಕೊಂಡು ದಿನಕ್ಕೆ ಆರರಿಂದ ಎಂಟು ಗಂಟೆ ಹೆಣೆಯುತ್ತಿದ್ದರು. ಅವರ ಲೇಸು ಹಡಗು ಹತ್ತಿ ವಿದೇಶಕ್ಕೆ ಹೋಗುತ್ತಿತ್ತು. ವ್ಯಾಪಾರಿಗಳು ಮಹಡಿ ಮನೆ ಕಟ್ಟಿಸಿದರು. ಆದರೆ ಹೆಣೆದವರಿಗೆ ಸಿಗುತ್ತಿದ್ದುದು ಹೊಲದ ಕೂಲಿಗೆ ನಿಗದಿಯಾದ ಕನಿಷ್ಠ ವೇತನಕ್ಕಿಂತ ಬಹಳ ಕಡಿಮೆ. ಹೇಗೆ ಸಾಧ್ಯವಾಯಿತು? ಅವರು ಕಾರ್ಮಿಕರಲ್ಲ, ಮನೆಯಲ್ಲಿ ಕುಳಿತಿರುವ ಗೃಹಿಣಿಯರು, ಬಿಡುವಿನ ವೇಳೆಯಲ್ಲಿ ಏನೋ ಹೆಣೆಯುತ್ತಾರೆ ಎಂದು ಎಲ್ಲರೂ ನಂಬಿದ್ದರು. ಆ ಹೆಂಗಸರೂ ನಂಬಿದ್ದರು. ನರಸಾಪುರದ ಕ್ರೋಶಾ ಲೇಸಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಬಂತು. ಸಂತೋಷ. ಆದರೆ ಮಾನ್ಯತೆಯ ಚೀಟಿ ಬಂದದ್ದು ಲೇಸಿಗೆ. ಕೈಗೆ ಬರಬೇಕಾದದ್ದು ಕೂಲಿ.

"ಮೇಡಂ, ಇದೆಲ್ಲ ಆಂಧ್ರದ ಮಾತು, ನಮ್ಮ ದುರ್ಗದಲ್ಲಿ ಲೇಸು ಎಲ್ಲಿದೆ?" ಎಂದು ಕೇಳುವಿರಿ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ, ಈ ನಾಲ್ಕೂ ಊರುಗಳಲ್ಲಿ ಗಣಿತ ಪಾಠ ಮಾಡಿಕೊಂಡು ನನ್ನ ಸರ್ವೀಸು ಮುಗಿಯಿತು. ಈ ನಾಲ್ಕು ಊರುಗಳ ಯಾವ ಬೀದಿಯಲ್ಲಾದರೂ ನಡೆದು ನೋಡಿ. ಮನೆಯ ಗೇಟಿಗೆ ತಂತಿಯಲ್ಲಿ ಕಟ್ಟಿದ ಪುಟ್ಟ ಬೋರ್ಡು: 'ಇಲ್ಲಿ ಫಾಲ್, ಜಿಗ್‌ಜಾಗ್, ಕುಚ್ಚು ಹಾಕಿಕೊಡಲಾಗುವುದು'. ಕೆಲವೆಡೆ 'ಪೀಕೋ' ಎಂದೂ ಇರುತ್ತದೆ. ಆ ಪೀಕೋ ಎಂಬುದು ಲೇಸಿನ ಅಂಚಿನಲ್ಲಿ ಬಿಡುವ ಪುಟ್ಟ ಕುಣಿಕೆಗೆ ಫ್ರೆಂಚರು ಇಟ್ಟ ಹೆಸರು! ಇನ್ನು ಕುಚ್ಚು. ಒಂದು ಕಾಲದಲ್ಲಿ ಸೆರಗಿನ ತುದಿಯಲ್ಲಿ ಉಳಿದ ಎಳೆಗಳನ್ನು ಹೊಸೆದು ಗಂಟು ಹಾಕಿದರೆ ಕುಚ್ಚು ಮುಗಿಯುತ್ತಿತ್ತು. ಈಗ ರೇಷ್ಮೆ ದಾರದಲ್ಲಿ ಕ್ರೋಶಾದ ಕಮಾನು ಕಟ್ಟಿ, ಮಣಿ ಪೋಣಿಸಿ, ಎರಡು ಬಣ್ಣ ಬೆರೆಸಿ, ಅದರ ಕೆಳಗೆ ಕುಚ್ಚು ಇಳಿಬಿಡುತ್ತಾರೆ. ಇದು ಅಪ್ಪಟ ಕೈಲೇಸು. ನಮ್ಮ ಜಿಲ್ಲೆಯದೇ ಆದ ಮೊಳಕಾಲ್ಮೂರು ಸೀರೆಯನ್ನು ಮಗ್ಗದಲ್ಲಿ ನೇಯ್ದವರ ಹೆಸರು ಲೋಕಕ್ಕೆ ಗೊತ್ತು. ಅದರ ಸೆರಗಿನ ತುದಿಯಲ್ಲಿ ಲೇಸು ಕಟ್ಟಿದವಳು ಯಾರೆಂದು ಯಾರೂ ಕೇಳುವುದಿಲ್ಲ.

ಅವಳ ಜೊತೆ ನಾವು ಹೇಗೆ ವರ್ತಿಸುತ್ತೇವೆ? ಇಲ್ಲಿ ಬಂಧುಗಳೂ ಸ್ವಲ್ಪ ಕಿವಿಗೊಡಬೇಕು. ಹದಿನೈದು ಸಾವಿರದ ಸೀರೆಯನ್ನು ಅಂಗಡಿಯವನು ಹೇಳಿದ ಬೆಲೆಗೆ ಕೊಳ್ಳುತ್ತೇವೆ. ಕುಚ್ಚು ಹಾಕುವವಳ ಮನೆ ಬಾಗಿಲಿಗೆ ಹೋಗಿ ಐವತ್ತು ರೂಪಾಯಿಗೆ ಅರ್ಧ ಗಂಟೆ ಚೌಕಾಸಿ ಮಾಡುತ್ತೇವೆ. "ಮನೆಯಲ್ಲೇ ಕೂತು ಮಾಡುವುದಲ್ವೇನಮ್ಮ, ಟಿ.ವಿ. ನೋಡ್ತಾ ಹಾಕಿಬಿಡ್ತೀಯ" ಎನ್ನುತ್ತೇವೆ. ನಾನು ಹೇಳುತ್ತಿರುವ ಪದ ಇಲ್ಲಿದೆ ನೋಡಿ. ನರಸಾಪುರದ ವ್ಯಾಪಾರಿ ಆಡಿದ ಮಾತನ್ನೇ ನಮ್ಮ ಹೊಳಲ್ಕೆರೆಯ ಚಿಕ್ಕಮ್ಮ, ಹಿರಿಯೂರಿನ ಅತ್ತಿಗೆ ಆಡುತ್ತಾರೆ.

ಹಳೆಯ ವಿದ್ಯಾರ್ಥಿಗಳಿಗೆ ಒಂದು ಲೆಕ್ಕ. ಮುಂದಿನ ಸಲ ಕುಚ್ಚು ಹಾಕಿಸಿದಾಗ, ಕೊಟ್ಟ ಹಣದಿಂದ ದಾರ, ಮಣಿಗಳ ಬೆಲೆಯನ್ನು ಕಳೆಯಿರಿ. ಸೀರೆ ಅಂಗಡಿಯ ಮೂಲಕ ಹಾಕಿಸಿದ್ದರೆ ಅಂಗಡಿಯ ಪಾಲನ್ನೂ ಕಳೆಯಿರಿ. ಎಷ್ಟು ಹೊತ್ತು ಹಿಡಿಯಿತೆಂದು ಅವಳನ್ನೇ ಕೇಳಿ, ಉಳಿದ ಹಣವನ್ನು ಆ ಗಂಟೆಗಳಿಂದ ಭಾಗಿಸಿ. ಬಂದ ಭಾಗಲಬ್ಧವನ್ನು ನಿಮ್ಮ ಹೊಲದಲ್ಲಿ ಕಳೆ ಕೀಳುವವರಿಗೆ ಕೊಡುವ ಗಂಟೆಯ ಕೂಲಿಯೊಡನೆ ಹೋಲಿಸಿ. ಉತ್ತರವನ್ನು ನಾನು ಹೇಳುವುದಿಲ್ಲ. ಮಾಡಿ ನೋಡಿದವರಿಗೆ ನಾಚಿಕೆಯಾದರೆ ಲೆಕ್ಕ ಸರಿಯಾಗಿದೆಯೆಂದು ತಿಳಿಯಿರಿ.

ನಾನು ಹೆಣೆಯುವುದು ಹವ್ಯಾಸವಲ್ಲವೆ? ಹೌದು, ನನ್ನ ಪಾಲಿಗೆ ಹವ್ಯಾಸವೇ. ಏಕೆಂದರೆ ಪ್ರತಿ ತಿಂಗಳು ನನಗೆ ಪಿಂಚಣಿ ಬರುತ್ತದೆ. ಬಾಬಿನ್ ಲೇಸಿನ ಒಂದು ಗೇಣು ಅಂಚಿಗೆ ಒಂದು ತಿಂಗಳು ತೆಗೆದುಕೊಂಡರೂ ಒಲೆ ಉರಿಯುತ್ತದೆ. ಅದೇ ಕೊಕ್ಕೆ ಕಡ್ಡಿ ಪಿಂಚಣಿಯಿಲ್ಲದವಳ ಕೈಯಲ್ಲಿದ್ದರೆ ಅದು ಉದ್ಯೋಗ. ಆದ್ದರಿಂದ ನಾನು ಒಂದು ನಿಯಮ ಇಟ್ಟುಕೊಂಡಿದ್ದೇನೆ. ನಂಟರ ಸೀರೆಗಳಿಗೆ ಬಿಟ್ಟಿ ಕುಚ್ಚು ಹಾಕಿಕೊಡುವುದಿಲ್ಲ. ದಾರದ ಬೆಲೆಗೆ ಮೇಜಿನ ಹಾಸು ಹೆಣೆದು ಮಾರುವುದೂ ಇಲ್ಲ. ಕೆಲವರಿಗೆ ಕೋಪ ಬಂದಿದೆ, ನನಗೆ ಗೊತ್ತು. "ಖಾಲಿ ಕೂತಿದ್ದಾಳೆ, ಹಾಕಿಕೊಟ್ಟರೆ ಏನು ಕಡಿಮೆಯಾಗುತ್ತಿತ್ತು?" ಎಂದು ಮದುವೆ ಮನೆಯೊಂದರಲ್ಲಿ ಮಾತಾಯಿತಂತೆ. ನನಗೆ ಕಡಿಮೆಯಾಗುವುದಿಲ್ಲ, ಪಕ್ಕದ ಬೀದಿಯಲ್ಲಿ ಬೋರ್ಡು ಹಾಕಿಕೊಂಡವಳಿಗೆ ಕಡಿಮೆಯಾಗುತ್ತದೆ. ಉಳ್ಳವರು ಬಿಟ್ಟಿಯಾಗಿ ಮಾಡಿಕೊಡುವ ಪ್ರತಿಯೊಂದು ಕೆಲಸವೂ ಇಲ್ಲದವರ ದರವನ್ನು ಇಳಿಸುತ್ತದೆ. ಮೊಮ್ಮಗುವಿಗೆ ಕುಲಾವಿ ಹೆಣೆಯುವುದು ಬೇರೆ ಮಾತು, ಅದು ಪ್ರೀತಿ. ಊರಿಗೆಲ್ಲ ಬಿಟ್ಟಿ ಹಂಚುವುದು ಪ್ರೀತಿಯಲ್ಲ.

ಎದುರಾಳಿಗಳ ಮಾತನ್ನೂ ಕೇಳೋಣ. "ಯಂತ್ರದ ಲೇಸು ಮೀಟರಿಗೆ ಹತ್ತು ಇಪ್ಪತ್ತಕ್ಕೆ ಸಿಗುವಾಗ ಕೈಲೇಸು ಏಕೆ?" ಎನ್ನುತ್ತಾರೆ. ಬೇಡವಾದರೆ ಕೊಳ್ಳಬೇಡಿ, ತಕರಾರಿಲ್ಲ. ಆದರೆ ಒಂದು ವಿಷಯ ತಿಳಿದಿರಲಿ. ನಿಟ್ಟಿಂಗ್‌ಗೆ ಯಂತ್ರವಿದೆ, ಜಾಲರಿಗೆ ಯಂತ್ರವಿದೆ. ಕೈಯ ಕ್ರೋಶಾವನ್ನು ಕಣ್ಣು ಕಣ್ಣಾಗಿ ಹಾಗೆಯೇ ಹೆಣೆದು ಬಟ್ಟೆಯಂಗಡಿಗಳಿಗೆ ತುಂಬಿಸುವ ಯಂತ್ರ ಇನ್ನೂ ಬಂದಿಲ್ಲ. ಆದ್ದರಿಂದ ಬೆಂಗಳೂರಿನ ಮಾಲಿನಲ್ಲಿ ಅಗ್ಗದ ದರಕ್ಕೆ ನೇತುಹಾಕಿದ ನಿಜವಾದ ಕ್ರೋಶಾ ಅಂಗಿಯನ್ನು ಕಂಡಾಗ, ಅದನ್ನು ಯಾರದೋ ಬೆರಳುಗಳು ಹೆಣೆದಿವೆಯೆಂದು ತಿಳಿಯಿರಿ. ಅಗ್ಗವಾದದ್ದು ಆ ಬೆರಳುಗಳು.

ಇನ್ನೊಂದು ವಾದಕ್ಕೆ ಹೆಚ್ಚು ತೂಕವಿದೆ. "ಸೂಜಿ ದಾರ ಕೊಟ್ಟು ಹೆಣ್ಣನ್ನು ತಲೆ ತಗ್ಗಿಸಿ ಮೂಲೆಯಲ್ಲಿ ಕೂರಿಸಿದರು, ಅದನ್ನು ನೀವೇಕೆ ಹೊಗಳುತ್ತೀರಿ?" ಎಂದು ಓದಿದ ಹೆಣ್ಣುಮಕ್ಕಳು ಕೇಳುತ್ತಾರೆ. ನಿಜ, ಹೊಲಿಗೆ ಕಲಿಸಿ ಬೀಜಗಣಿತ ಕಲಿಸದೆ ಬಿಟ್ಟ ಕಾಲವೊಂದಿತ್ತು. ಅದರ ತಪ್ಪು ಸೂಜಿಯದಲ್ಲ, ಬೀಜಗಣಿತವನ್ನು ಬಚ್ಚಿಟ್ಟವರದು. ಕೆಲಸವನ್ನು ಕೀಳೆಂದು ಬಿಟ್ಟುಬಿಟ್ಟರೆ ಆ ಕೆಲಸವನ್ನೇ ನಂಬಿದವಳಿಗೆ ಬಿಡುಗಡೆಯಾಗುವುದಿಲ್ಲ. ಅವಳು ಇನ್ನಷ್ಟು ಒಂಟಿಯಾಗುತ್ತಾಳೆ. ಬೀಡಿ ಕಟ್ಟುವವರನ್ನು ನೋಡಿ. ಅವರೂ ಮನೆಯಲ್ಲೇ ಕುಳಿತು ದುಡಿಯುವವರು. ಆದರೂ 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಅವರನ್ನು ಕಾರ್ಮಿಕರೆಂದು ಒಪ್ಪಿತು. ಬೀಡಿ ಸುತ್ತುವ ಬೆರಳು ಕಾರ್ಮಿಕ, ಲೇಸು ಸುತ್ತುವ ಬೆರಳು ಟೈಂಪಾಸ್. ಇದು ಯಾವ ನ್ಯಾಯ? ಮನೆಯಿಂದಲೇ ದುಡಿಯುವವರಿಗೆ ಉಳಿದವರಂತೆ ಹಕ್ಕು ಸಿಗಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲೇ ಒಡಂಬಡಿಕೆ ಮಾಡಿತು. ನಮ್ಮ ದೇಶ ಅದನ್ನು ಅನುಮೋದಿಸಲಿಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಮನೆಯಿಂದ ದುಡಿಯುವ ಕಾರ್ಮಿಕರ ಪ್ರಸ್ತಾಪವಾದರೂ ಬಂದಿದೆ. ಪ್ರಸ್ತಾಪದಿಂದ ಹೊಟ್ಟೆ ತುಂಬದು, ಆದರೂ ಹೆಸರು ಸಿಕ್ಕಿತು.

ನಮ್ಮ ಜಿಲ್ಲೆಯ ತಾಂಡಾಗಳ ಹೆಂಗಸರ ಪಾಡೂ ಇದೇ. ಕನ್ನಡಿ, ಕವಡೆ, ಬಣ್ಣದ ದಾರಗಳ ಲಂಬಾಣಿ ಕಸೂತಿಯನ್ನು ವೇದಿಕೆಯ ನೃತ್ಯದಲ್ಲಿ ಕಂಡು ಚಪ್ಪಾಳೆ ಹೊಡೆಯುತ್ತೇವೆ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ ಸಂಡೂರಿನ ಲಂಬಾಣಿ ಹೆಂಗಸರು ಕಸೂತಿ ಮಾಡಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಸಂಡೂರಿನವರಿಗೆ ಒಂದು ಸಂಸ್ಥೆಯ ಬೆಂಬಲವಿದೆ. ಹೊಳಲ್ಕೆರೆ, ಹೊಸದುರ್ಗದ ಕಡೆಯ ತಾಂಡಾದ ಅಜ್ಜಿಗೆ ಅದೇ ಕೈಚಳಕವಿದ್ದರೂ ಕೇಳುವವರಿಲ್ಲ. ಮೊಮ್ಮಗಳು ಅದನ್ನೇಕೆ ಕಲಿತಾಳು?

ಕೊನೆಗೆ ನನ್ನ ಕ್ಷೇತ್ರಕ್ಕೆ, ಶಾಲೆಗೆ ಬರುತ್ತೇನೆ. ಕೈಕೆಲಸದ ಮೂಲಕವೇ ಶಿಕ್ಷಣವೆಂದು ಗಾಂಧೀಜಿ 1937ರ ವಾರ್ಧಾ ಸಮ್ಮೇಳನದಲ್ಲಿ ಹೇಳಿದರು. 1964-66ರ ಕೊಠಾರಿ ಆಯೋಗ 'ಕಾರ್ಯಾನುಭವ' ಎಂದಿತು. 1977ರ ಈಶ್ವರಭಾಯಿ ಪಟೇಲ್ ಸಮಿತಿ 'ಸಮಾಜೋಪಯೋಗಿ ಉತ್ಪಾದಕ ಕೆಲಸ' ಎಂದಿತು. ಅದರ ಇಂಗ್ಲಿಷ್ ಮೊದಲಕ್ಷರಗಳನ್ನು ಹಿಡಿದು ನಮ್ಮ ಸ್ಟಾಫ್ ರೂಮುಗಳಲ್ಲಿ 'ಸಮ್ ಯೂಸ್‌ಫುಲ್ ಪೀರಿಯಡ್ಸ್ ವೇಸ್ಟೆಡ್' ಎಂದು ನಗುತ್ತಿದ್ದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯ ನಡುವೆ ಹತ್ತು ದಿನ 'ಬ್ಯಾಗಿಲ್ಲದ ದಿನ'ಗಳೆಂದಿತು. ಹೆಸರು ಬದಲಾಗುತ್ತ ಬಂತು, ಅವಜ್ಞೆ ಬದಲಾಗಲಿಲ್ಲ. ನಾನು ಕೆಲಸ ಮಾಡಿದ ಶಾಲೆಗಳಲ್ಲೊಂದರಲ್ಲಿ, ಹೆಸರು ಬೇಡ, ಹತ್ತನೆಯ ತರಗತಿಯ ಫಲಿತಾಂಶ ಇಳಿಯಿತೆಂದು ಹೊಲಿಗೆಯ ಪೀರಿಯಡ್ಡುಗಳನ್ನು ಕಿತ್ತು ಗಣಿತಕ್ಕೆ ಕೊಟ್ಟರು. ಬೇಡವೆಂದು ಹೇಳಿದವಳು ಗಣಿತದ ಶಿಕ್ಷಕಿಯಾದ ನಾನೇ. "ಹೊಲಿಗೆಗೆ ಪಬ್ಲಿಕ್ ಪರೀಕ್ಷೆ ಇದೆಯೇ ಮೇಡಂ?" ಎಂಬ ಒಂದೇ ಪ್ರಶ್ನೆಗೆ ಸಭೆ ಮುಗಿಯಿತು. ಹೊಲಿಗೆ ಟೀಚರು ಅಂದಿನಿಂದ ಪರೀಕ್ಷೆಯ ಕೊಠಡಿ ಕಾಯುವ, ರಿಜಿಸ್ಟರ್ ಬರೆಯುವ ಕೆಲಸಕ್ಕೆ ಮೀಸಲಾದರು.

ಗಣಿತವನ್ನು ಉಳಿಸಲು ಹೊಲಿಗೆಯನ್ನು ಕೊಂದವರಿಗೆ ಗಣಿತವೂ ಗೊತ್ತಿರಲಿಲ್ಲ. ಕ್ರೋಶಾದಲ್ಲಿ ಒಂದು ವೃತ್ತ ಹೆಣೆಯಿರಿ. ಗಿಡ್ಡ ಹೆಣಿಗೆಯಲ್ಲಿ ಕಣ್ಣಿನ ಅಗಲ, ಎತ್ತರ ಹೆಚ್ಚುಕಡಿಮೆ ಒಂದೇ. ಪ್ರತಿ ಸುತ್ತಿಗೆ ತ್ರಿಜ್ಯ ಒಂದು ಕಣ್ಣಿನಷ್ಟು ಬೆಳೆದರೆ ಪರಿಧಿ ಎರಡು ಪೈ, ಅಂದರೆ ಆರು ಚಿಲ್ಲರೆ ಕಣ್ಣುಗಳಷ್ಟು ಬೆಳೆಯಬೇಕು. ಆದ್ದರಿಂದಲೇ ನಮ್ಮ ಅಜ್ಜಿಯರು ಪ್ರತಿ ಸುತ್ತಿಗೆ ಆರು ಕಣ್ಣು ಹೆಚ್ಚಿಸುತ್ತಿದ್ದರು. ಕಡಿಮೆ ಹೆಚ್ಚಿಸಿದರೆ ಹಾಸು ಬಾಗಿ ಕುಲಾವಿಯಾಗುತ್ತದೆ. ಜಾಸ್ತಿ ಹೆಚ್ಚಿಸಿದರೆ ನಿರಿಗೆ ನಿರಿಗೆಯಾಗಿ ಏಳುತ್ತದೆ. ಆ ನಿರಿಗೆ ತಪ್ಪಿದ ಹೆಣಿಗೆಯಲ್ಲ. ಯೂಕ್ಲಿಡ್ಡನ ಪ್ರಕಾರ ರೇಖೆಯೊಂದರ ಹೊರಗಿನ ಬಿಂದುವಿನ ಮೂಲಕ ಅದಕ್ಕೆ ಒಂದೇ ಸಮಾನಾಂತರ ರೇಖೆ ಎಳೆಯಬಹುದು. ಹಲವು ಎಳೆಯಬಹುದಾದ ತಲವೂ ಉಂಟು. ಅದನ್ನು ಕೈಯಲ್ಲಿ ಹಿಡಿದು ತೋರಿಸುವ ಗಟ್ಟಿ ಮಾದರಿಗೆ ಗಣಿತಜ್ಞರು ಬಹುಕಾಲ ಪರದಾಡಿದರು. 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಲಾಟ್ವಿಯಾ ಮೂಲದ ಗಣಿತಜ್ಞೆ ಡೈನಾ ತೈಮಿನಾ ಆ ಮಾದರಿಯನ್ನು ಮಾಡಿದ್ದು ಕ್ರೋಶಾ ಕಡ್ಡಿಯಿಂದ. ಟೈಂಪಾಸಿನ ಕಡ್ಡಿ ಜ್ಯಾಮಿತಿಗೇ ಪಾಠ ಹೇಳಿತು.

ನಾನು ಕೇಳುವುದು ಹೆಚ್ಚೇನಲ್ಲ. ಶಿಕ್ಷಕರಾಗಿರುವ ನನ್ನ ವಿದ್ಯಾರ್ಥಿಗಳು ಹೊಲಿಗೆಯ ಪೀರಿಯಡ್ಡನ್ನು ಕಸಿಯದಿರಲಿ. ಗಂಡುಹುಡುಗರನ್ನೂ ಅಲ್ಲಿ ಕೂರಿಸಲಿ. ಕಚೇರಿಗಳಲ್ಲಿರುವವರು ತಮ್ಮ ಬೀದಿಯ ಕುಚ್ಚು ಹಾಕುವವಳಿಗೆ ಇ-ಶ್ರಮ್ ಕಾರ್ಡ್ ಮಾಡಿಸಿಕೊಡಲಿ. ಹದಿನಾರರಿಂದ ಐವತ್ತೊಂಬತ್ತು ವಯಸ್ಸಿನ ಅಸಂಘಟಿತ ಕಾರ್ಮಿಕರಿಗೆಂದು 2021ರಲ್ಲಿ ಆರಂಭವಾದ ನೋಂದಣಿ ಅದು, ಅವಳೂ ಅದಕ್ಕೆ ಅರ್ಹಳು. ಸೀರೆ ಅಂಗಡಿ ಇಟ್ಟವರು ಗಿರಾಕಿಯಿಂದ ಪಡೆದ ಕುಚ್ಚಿನ ಹಣದಲ್ಲಿ ಅವಳ ಪಾಲೆಷ್ಟೆಂದು ರಸೀದಿಯಲ್ಲಿ ಬರೆಯಲಿ. ಬಂಧುಗಳಲ್ಲಿ ಒಂದೇ ವಿನಂತಿ. ಶ್ರಾವಣ ಬಂದು, ವರಮಹಾಲಕ್ಷ್ಮಿಗೆಂದು ಕೊಂಡ ಸೀರೆಯನ್ನು ಹಿಡಿದು ಅವಳ ಮನೆಗೆ ಹೋದಾಗ, ಎಷ್ಟು ಹೊತ್ತು ಹಿಡಿಯಿತೆಂದು ಕೇಳಿ, ಅವಳು ಹೇಳಿದ ಹಣವನ್ನು ಕೊಟ್ಟು ಬನ್ನಿ. ಚೌಕಾಸಿ ಮಾಡಲೇಬೇಕೆನಿಸಿದರೆ ಸೀರೆ ಅಂಗಡಿಯಲ್ಲಿ ಮಾಡಿ.